ಹಳ್ಳಿಗೆ ಮೇಯರ್, ಅಣ್ಣ ಕ್ಯಾಪ್ಟನ್: ಬಲಂಗಿಗಾ ಎಂಬ ಊರಿನ ಕಥೆ

ಪ್ರಶ್ನೆ: ನಾನು ದುಬೈನಲ್ಲಿ ಕೆಲಸ ಮಾಡುತ್ತೇನೆ, ಊರು ಹಾಸನದ ಹತ್ತಿರ. ನನ್ನ ಪಕ್ಕದ ಟೇಬಲ್‌ನ ಸಹೋದ್ಯೋಗಿ ಫಿಲಿಪೀನ್ಸ್‌ನವರು. ಅವರ ಊರು ಸಮಾರ್ ದ್ವೀಪದ ಬಲಂಗಿಗಾ. ಒಂದು ಸಲ "ನಮ್ಮದು ಹಳ್ಳಿ" ಅನ್ನುತ್ತಾರೆ, ಮರುಕ್ಷಣ "ನಮ್ಮ ಮೇಯರ್" ಅನ್ನುತ್ತಾರೆ. ಅವರ ಅಣ್ಣ "ಬರಂಗಾಯ್ ಕ್ಯಾಪ್ಟನ್" ಅಂತೆ. "ಸೈನ್ಯದಲ್ಲಿದ್ದಾರಾ?" ಅಂತ ಕೇಳಿ ನಗೆಪಾಟಲಾದೆ. ಪ್ರತಿ ಸೆಪ್ಟೆಂಬರ್ 28ಕ್ಕೆ ಚರ್ಚಿನ ಗಂಟೆಯ ಫೋಟೊ ಸ್ಟೇಟಸ್ ಹಾಕುತ್ತಾರೆ. ಹಳ್ಳಿಗೆ ಮೇಯರ್ ಯಾಕೆ? ಈ ಗಂಟೆಯ ಕಥೆ ಏನು? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಕ್ಯಾಪ್ಟನ್‌ನಿಂದಲೇ ಶುರು ಮಾಡೋಣ. ನೀವು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಬರಂಗಾಯ್ ಅಂದರೆ ಅಲ್ಲಿನ ಆಡಳಿತದಲ್ಲಿ ಎಲ್ಲಕ್ಕಿಂತ ಚಿಕ್ಕ ಘಟಕ. ಒಂದು ಹಳ್ಳಿ ಅನ್ನಿ, ಪೇಟೆಯಲ್ಲಾದರೆ ಒಂದು ಕೇರಿ ಅನ್ನಿ. ಅದರ ಮುಖ್ಯಸ್ಥರಿಗೆ ಕಾನೂನು ಕೊಟ್ಟ ಹೆಸರು ಪುನೋಂಗ್ ಬರಂಗಾಯ್. ಆದರೆ ಹಾಗೆ ಯಾರೂ ಕರೆಯುವುದಿಲ್ಲ. ಕಪಿತಾನ್, ಕ್ಯಾಪ್ಟನ್, ಇಲ್ಲಾ ಸುಮ್ನೆ ಕ್ಯಾಪ್. ಅದು ಸ್ಪೇನ್ ಆಳ್ವಿಕೆಯಲ್ಲಿ ಊರ ಯಜಮಾನನಿಗಿದ್ದ ಬಿರುದು. ನಮ್ಮಲ್ಲಿ ಪಟೇಲಿಕೆ ಹೋಗಿ ಎಷ್ಟೋ ವರ್ಷವಾದರೂ 'ಪಟೇಲರ ಮನೆ' ಅನ್ನುವುದು ಉಳಿದಿದೆ ಅಲ್ವಾ, ಹಾಗೆ.

ಬರಂಗಾಯ್ ಅನ್ನುವ ಮಾತು ಇನ್ನೂ ಹಳೆಯದು. ಬಲಂಗಾಯ್ ಅಂದರೆ ಮರದ ದೋಣಿ. ಒಂದು ದೋಣಿಯಲ್ಲಿ ಬಂದಿಳಿದ ಬಂಧುಬಳಗವೇ ಒಂದು ಊರಾಯಿತು, ಅದರ ನಾಯಕ ದಾತು ಆದ ಎನ್ನುವುದು ಸ್ಪೇನ್ ಪಾದ್ರಿಗಳು ಬರೆದಿಟ್ಟ ವಿವರಣೆ. ಸ್ಪೇನ್‌ನವರು ದಾತುವನ್ನು ತೆಗೆಯಲಿಲ್ಲ. 'ಕಬೇಸಾ ದೆ ಬರಂಗಾಯ್' ಅಂತ ಹೊಸ ಹೆಸರಿಟ್ಟು ಕಂದಾಯ ವಸೂಲಿಗೆ ಹಚ್ಚಿದರು, ಅಷ್ಟೆ. ಆಮೇಲೆ ಈ ಹೆಸರು ಮೂಲೆಗೆ ಬಿತ್ತು. ಹಳ್ಳಿಗೆ 'ಬಾರಿಯೋ' ಅನ್ನುವ ಸ್ಪ್ಯಾನಿಷ್ ಮಾತೇ ನಿಂತಿತು. 1974ರಲ್ಲಿ, ಮಾರ್ಷಲ್ ಲಾ ಇದ್ದಾಗ, ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಎಲ್ಲ ಬಾರಿಯೋಗಳಿಗೂ ಬರಂಗಾಯ್ ಅಂತ ಮರುನಾಮಕರಣ ಮಾಡಿದ. ಹೆಸರು ಪ್ರಾಚೀನ, ಉದ್ದೇಶ ಮಾತ್ರ ಅಷ್ಟೇನೂ ಪ್ರಾಚೀನವಲ್ಲ. ಹಳ್ಳಿ ಹಳ್ಳಿಯಲ್ಲೂ ತನ್ನ ಕೈ ಇರಬೇಕಿತ್ತು ಅವನಿಗೆ.

ಈಗ ಮೇಯರ್. ಮುನಿಸಿಪಾಲಿಟಿ ಅಂದ ತಕ್ಷಣ ನಮಗೆ ಪುರಸಭೆ, ಚರಂಡಿ, ನಲ್ಲಿ ಬಿಲ್ಲು ನೆನಪಾಗುತ್ತವೆ. ಅಲ್ಲಿ ಲೆಕ್ಕವೇ ಬೇರೆ. ದೇಶದ ಪ್ರತಿಯೊಂದು ಇಂಚೂ ಒಂದು ಸಿಟಿಗೆ ಸೇರಿರಬೇಕು, ಇಲ್ಲದಿದ್ದರೆ ಒಂದು ಮುನಿಸಿಪಾಲಿಟಿಗೆ. ಗದ್ದೆ, ತೆಂಗಿನ ತೋಟ, ಕಾಡು, ಬೆಟ್ಟ ಎಲ್ಲವೂ. ಕರಾವಳಿಯ ಊರಾದರೆ ದಡದಿಂದ 15 ಕಿ.ಮೀ.ವರೆಗಿನ ಸಮುದ್ರವೂ ಅದರದೇ. ಆ ನೀರಿನಲ್ಲಿ ಮೀನು ಹಿಡಿಯಲು ಲೈಸೆನ್ಸ್ ಕೊಡುವುದು ಮುನಿಸಿಪಾಲಿಟಿ. ಹಾಗಾಗಿ ಅಪ್ಪಟ ಹಳ್ಳಿಗಾಡಿಗೂ ಒಬ್ಬ ಮೇಯರ್ ಇದ್ದೇ ಇರುತ್ತಾರೆ. ನಮ್ಮ ತಾಲ್ಲೂಕಿಗೂ ಪಂಚಾಯ್ತಿಗೂ ನಡುವೆ ಎಲ್ಲೋ ಇದನ್ನು ಕೂರಿಸಬಹುದು. ಆದರೆ ನಮ್ಮ ತಾಲ್ಲೂಕಿಗೆ ಜನರೇ ನೇರವಾಗಿ ಆರಿಸಿದ ಯಜಮಾನ ಇಲ್ಲ, ಅಲ್ಲಿ ಇದ್ದಾರೆ.

ಬಲಂಗಿಗಾ ಇರುವುದು ಈಸ್ಟರ್ನ್ ಸಮಾರ್ ಪ್ರಾಂತ್ಯದಲ್ಲಿ, ದ್ವೀಪದ ದಕ್ಷಿಣ ದಡದಲ್ಲಿ, ಲೇಯ್ಟೆ ಕೊಲ್ಲಿಗೆ ಮುಖ ಮಾಡಿಕೊಂಡು. ಆಡುವ ಭಾಷೆ ವಾರಾಯ್. ಜನ ಸುಮಾರು 14 ಸಾವಿರ. ಬರಂಗಾಯ್‌ಗಳು 13. ಅದರಲ್ಲಿ 6 ಪೇಟೆಯೊಳಗೇ ಇವೆ. ಪೇಟೆಗೆ ಅಲ್ಲಿ ಪೊಬ್ಲಸಿಯೋನ್ ಅನ್ನುತ್ತಾರೆ. ಪೊಬ್ಲಸಿಯೋನ್ ಒಂದು, ಎರಡು, ಮೂರು ಅಂತ ನಂಬರಿನ ಹೆಸರು. ಉಳಿದ 7 ಹೊರಗಿನವು: ಬಕ್ಜಾವ್, ಕಾಗ್-ಒಲಾಂಗೊ, ಕನ್ಸುಮಾಂಕಾಯ್, ಗಿನ್ಮಾಯೊಹಾನ್, ಮಾಯ್ಬುಂಗಾ, ಸ್ಯಾನ್ ಮಿಗೆಲ್, ಸಾಂತಾ ರೋಸಾ. ನಿಮ್ಮ ಸಹೋದ್ಯೋಗಿ 'ಹಳ್ಳಿ' ಅಂದರೆ ತಮ್ಮ ಬರಂಗಾಯ್, 'ಊರು' ಅಂದರೆ ಇಡೀ ಬಲಂಗಿಗಾ. ಎರಡೂ ನಿಜವೇ.

ಈ ಊರುಗಳ ಆಕಾರ ಗೊತ್ತಾದರೆ ಗಂಟೆಯ ಕಥೆ ಅರ್ಧ ಅರ್ಥವಾದಂತೆ. ಸ್ಪೇನ್‌ನವರು ಬಂದಾಗ ಜನ ನದಿ ದಡದಲ್ಲಿ, ಬೆಟ್ಟದ ಬುಡದಲ್ಲಿ ಚೆಲ್ಲಾಪಿಲ್ಲಿಯಾಗಿದ್ದರು. ಹೀಗಿದ್ದರೆ ಕಂದಾಯ ಎತ್ತುವುದು ಹೇಗೆ, ಜ್ಞಾನಸ್ನಾನ ಮಾಡಿಸುವುದು ಹೇಗೆ? ಅದಕ್ಕೆ 'ರೆದುಕ್ಸಿಯೋನ್' ಅನ್ನುವ ಪದ್ಧತಿ ತಂದರು. ಜನರನ್ನು ಒಟ್ಟು ಮಾಡಿ ಚರ್ಚಿನ ಸುತ್ತ ನೆಲೆ ನಿಲ್ಲಿಸುವುದು. ನಡುವೆ ಪ್ಲಾಜಾ ಅನ್ನುವ ಬಯಲು, ಒಂದು ಬದಿಗೆ ಚರ್ಚು, ಇನ್ನೊಂದು ಬದಿಗೆ ಆಡಳಿತದ ಕಟ್ಟಡ. ಊರಿನ ಮಿತಿ ಎಲ್ಲಿಯವರೆಗೆ? ಗಂಟೆಯ ಸದ್ದು ಕೇಳುವವರೆಗೆ. 'ಬಾಹೊ ದೆ ಲಾ ಕಂಪಾನಾ', ಅಂದರೆ ಗಂಟೆಯ ಕೆಳಗೆ ಬದುಕುವುದು, ಅನ್ನುವ ಮಾತೇ ಇತ್ತು. ಸದ್ದು ಕೇಳುವಷ್ಟು ಹತ್ತಿರ ಇದ್ದವರು ಪ್ರಜೆಗಳು. ಕೇಳದಷ್ಟು ದೂರ ಬೆಟ್ಟಕ್ಕೆ ಓಡಿಹೋದವರಿಗೆ 'ರೆಮೊಂತಾದೋ' ಎಂಬ ಬೈಗುಳದಂಥ ಹೆಸರು. ಪ್ರಾರ್ಥನೆಗೆ, ಸಾವಿಗೆ, ಬೆಂಕಿಗೆ, ಕಡಲ್ಗಳ್ಳರು ಬಂದರೆ ಎಚ್ಚರಿಸುವುದಕ್ಕೆ, ಎಲ್ಲಕ್ಕೂ ಒಂದೇ ಗಂಟೆ.

ಆಡಳಿತದ ಕಟ್ಟಡದಲ್ಲಿ ಕೂರುತ್ತಿದ್ದವನು ಗೊಬರ್ನದೊರ್ಸಿಯೊ, ಅಂದರೆ ಪುಟ್ಟ ಗವರ್ನರ್. ಊರಿನ ಸ್ಥಿತಿವಂತರು ತಮ್ಮತಮ್ಮಲ್ಲೇ ಆರಿಸುತ್ತಿದ್ದರು, ಪಾದ್ರಿಯ ಒಪ್ಪಿಗೆ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಕಂದಾಯ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕಿತ್ತು. ಗಂಡಸರು ವರ್ಷಕ್ಕೆ 40 ದಿನ ಬಿಟ್ಟಿ ದುಡಿಯಬೇಕಿತ್ತು, 1884ರಲ್ಲಿ ಅದು 15 ದಿನಕ್ಕಿಳಿಯಿತು. ಈ ಬಿಟ್ಟಿ ಕೂಲಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1898ರಲ್ಲಿ ಸ್ಪೇನ್ ಸೋತು ದೇಶವನ್ನು ಅಮೆರಿಕಕ್ಕೆ ಎರಡು ಕೋಟಿ ಡಾಲರ್‌ಗೆ ಬಿಟ್ಟುಕೊಟ್ಟಿತು. ಮರುವರ್ಷ ಫಿಲಿಪಿನೋಗಳಿಗೂ ಅಮೆರಿಕನ್ನರಿಗೂ ಯುದ್ಧ ಹತ್ತಿತು. ಸಮಾರ್‌ನಲ್ಲಿ ಜನರಲ್ ವಿಸೆಂಟೆ ಲುಕ್ಬಾನ್ ಗೆರಿಲ್ಲಾ ಯುದ್ಧ ನಡೆಸುತ್ತಿದ್ದ. ಅವನಿಗೆ ಸಮುದ್ರದಿಂದ ಸಾಮಾನು ಸಿಗದಂತೆ ಮಾಡಲು 1901ರ ಆಗಸ್ಟ್ 11ರಂದು ಅಮೆರಿಕದ 9ನೇ ಪದಾತಿ ರೆಜಿಮೆಂಟಿನ 'ಸಿ' ಕಂಪನಿ ಬಲಂಗಿಗಾಕ್ಕೆ ಬಂತು. 74 ಜನ. ಕ್ಯಾಪ್ಟನ್ ಥಾಮಸ್ ಕಾನೆಲ್ ಅವರ ಮುಖ್ಯಸ್ಥ.

ಮೊದಲು ಎಲ್ಲ ಚೆನ್ನಾಗಿತ್ತು. ಊರ ಪೊಲೀಸ್ ಮುಖ್ಯಸ್ಥ ವಲೇರಿಯಾನೊ ಅಬನಾದೊರ್ ಸೈನಿಕರೊಂದಿಗೆ ಸಲಿಗೆಯಿಂದಿದ್ದ. ಊರ ಮೇಯರ್ ಪೆದ್ರೊ ಅಬಾಯನ್ ನಗುನಗುತ್ತ ಸಹಕಾರ ಕೊಡುತ್ತಿದ್ದ. ಅವನು ಅದೇ ವರ್ಷ ಮೇ 30ರಂದು ಲುಕ್ಬಾನ್‌ಗೆ ಒಂದು ಪತ್ರ ಬರೆದಿದ್ದ. ಅಮೆರಿಕನ್ನರು ಬಂದರೆ ಸ್ನೇಹದ ನಾಟಕ ಆಡುತ್ತೇವೆ, ಸಮಯ ಬಂದಾಗ ತಿರುಗಿ ಬೀಳುತ್ತೇವೆ ಅಂತ ಅದರ ಸಾರ. ಪತ್ರ ಅಮೆರಿಕನ್ನರ ಕೈಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ.

ಸೆಪ್ಟೆಂಬರ್‌ನಲ್ಲಿ ಸಂಬಂಧ ಕೆಟ್ಟಿತು. ತೆಂಗಿನ ಕಳ್ಳು ಕುಡಿದ ಸೈನಿಕರು ಅಂಗಡಿಯ ಹುಡುಗಿಯ ಮೈಮುಟ್ಟಲು ಹೋದರು, ಅಣ್ಣಂದಿರು ಹಿಡಿದು ಹೊಡೆದರು. ಊರು ಚೊಕ್ಕಟವಾಗಿ ಕಾಣಬೇಕೆಂದು ಕಾನೆಲ್ ಗಂಡಸರನ್ನೆಲ್ಲ ಹಿಡಿದು ತಂದು ಕೆಲಸಕ್ಕೆ ಹಚ್ಚಿದ. ರಾತ್ರಿ ಅವರನ್ನು ಎರಡು ಡೇರೆಗಳಲ್ಲಿ ಕೂಡಿಹಾಕಿದ. ಒಂದು ಡೇರೆಯಲ್ಲಿ 16 ಜನ ಮಲಗಬಹುದಿತ್ತು, ಎರಡರಲ್ಲೂ ಸೇರಿ ತುಂಬಿದ್ದು ಸುಮಾರು 80 ಜನರನ್ನು. ಕತ್ತಿಗಳನ್ನು ಕಿತ್ತುಕೊಂಡ. ಕೂಡಿಟ್ಟ ಅಕ್ಕಿಯನ್ನೂ ಬಿಡಲಿಲ್ಲ. ಅಕ್ಕಿಗೆ ಕೈ ಹಾಕಿದ ಮೇಲೆ ಯಾವ ಊರು ತಾನೇ ಸುಮ್ಮನಿರುತ್ತದೆ?

ಮುಂದಿನ ಭಾಗ ನನಗೆ ಈ ಕಥೆಯಲ್ಲೇ ಎಲ್ಲಕ್ಕಿಂತ ಕುತೂಹಲದ್ದು. ದಂಗೆ ಎದ್ದವರು ಎಲ್ಲಿಂದಲೋ ಬಂದ ಪಡೆಯಲ್ಲ. ಇದ್ದ ಸ್ಥಳೀಯ ಸರ್ಕಾರವೇ ದಂಗೆ ಎದ್ದಿತು. ಮೇಯರ್, ಪೊಲೀಸ್ ಮುಖ್ಯಸ್ಥ, ಬಿಟ್ಟಿ ಕೂಲಿ, ಗಂಟೆ, ಸ್ಪೇನ್ ಊರನ್ನು ಹದ್ದುಬಸ್ತಿನಲ್ಲಿಡಲು ಮಾಡಿಟ್ಟ ಒಂದೊಂದು ವ್ಯವಸ್ಥೆಯೂ ಉಪಯೋಗಕ್ಕೆ ಬಂತು. ಕೆಲಸ ಬೇಗ ಮುಗಿಯಲಿ, ಕಂದಾಯ ಬಾಕಿ ಇರುವವರನ್ನು ಬೆಟ್ಟದ ಕಡೆಯಿಂದ ಕೂಲಿಗೆ ಕರೆತರುತ್ತೇನೆ ಅಂತ ಅಬನಾದೊರ್ ಕಾನೆಲ್‌ಗೆ ಹೇಳಿದ. ಕಾನೆಲ್ ಹೂಂ ಅಂದ. ಅವನ ಮಟ್ಟಿಗೆ ಅದು ದಫ್ತರಿನ ಮಾತು. ಬಂದವರು ಗಟ್ಟಿಮುಟ್ಟಾದ ಆಳುಗಳು, ಹೋರಾಟಕ್ಕೆಂದೇ ಆರಿಸಿ ತಂದವರು. ಲವಾನ್, ಗಿಪೊರ್ಲೋಸ್‌ನಂಥ ಅಕ್ಕಪಕ್ಕದ ಹಳ್ಳಿಯವರೂ ಸೇರಿಕೊಂಡರು.

ಹಿಂದಿನ ರಾತ್ರಿ ಹೆಂಗಸರ ವೇಷದ ಗುಂಪೊಂದು ಸಣ್ಣ ಶವಪೆಟ್ಟಿಗೆಗಳನ್ನು ಹೊತ್ತು ಚರ್ಚಿಗೆ ಹೋಯಿತು. ಬದುಕುಳಿದ ಸೈನಿಕರು ಹೇಳಿದ ಪ್ರಕಾರ, ಕಾವಲಿನ ಸಾರ್ಜೆಂಟ್ ಒಂದು ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿದ. ಒಳಗೆ ಮಗುವಿನ ಹೆಣ. "ಕಾಲರಾ" ಅಂದರು. ಅವನು ಮುಚ್ಚಳ ಮುಚ್ಚಿ ದಾರಿ ಬಿಟ್ಟ. ಪೆಟ್ಟಿಗೆಗಳ ತಳದಲ್ಲಿ ಕತ್ತಿಗಳಿದ್ದವು.

ಸೆಪ್ಟೆಂಬರ್ 28, ಶನಿವಾರ, ಬೆಳಗ್ಗೆ ಆರೂವರೆಯ ಸುಮಾರು. ಸೈನಿಕರು ತಿಂಡಿಗೆ ಕೂತಿದ್ದರು, ಬಂದೂಕುಗಳು ದೂರದಲ್ಲಿದ್ದವು. ಅಬನಾದೊರ್ ಎಂದಿನಂತೆ ಕಾವಲುಗಾರ ಅಡಾಲ್ಫ್ ಗ್ಯಾಮ್ಲಿನ್ ಬಳಿ ಬಂದ. ದಾಟಿ ಹೋಗುವವನಂತೆ ಬಂದು ಬಂದೂಕು ಕಿತ್ತುಕೊಂಡು, ಅದರ ಹಿಡಿಯಿಂದಲೇ ಅವನ ತಲೆಗೆ ಹೊಡೆದು ಕೂಗಿದ. ಗೋಪುರದಲ್ಲಿ ಗಂಟೆ ಬಾರಿಸಿತು. ಕೂಲಿಯವರು, ಡೇರೆಯಲ್ಲಿದ್ದವರು, ಚರ್ಚಿನಲ್ಲಿದ್ದವರು ಒಟ್ಟಿಗೆ ನುಗ್ಗಿದರು. ಕಾನೆಲ್ ಸೇರಿ ಮೂವರು ಅಧಿಕಾರಿಗಳೂ ಸತ್ತರು. ಒಟ್ಟು 74ರಲ್ಲಿ 48 ಅಮೆರಿಕನ್ನರ ಪ್ರಾಣ ಹೋಯಿತು. ಊರಿನವರಲ್ಲಿ ಸತ್ತವರು 28 ಜನ. ಗ್ಯಾಮ್ಲಿನ್ ಬದುಕಿಕೊಂಡ. ಆ ದಿನ ಮುಂದೆ ನಿಂತ ಹೆಂಗಸರಲ್ಲಿ ಹೆಸರು ಉಳಿದದ್ದು ಒಬ್ಬಳದೇ, ಕಸಿಯಾನಾ ನಸಿಯೊನಾಲೆಸ್.

ಮರುದಿನ ಬಾಸೆ ಊರಿನಿಂದ ಅಮೆರಿಕನ್ ತುಕಡಿ ಬಂದು ಊರನ್ನು ಸುಟ್ಟಿತು. ಜನ ಅಷ್ಟರಲ್ಲೇ ಬೆಟ್ಟ ಸೇರಿದ್ದರು. ಮುಂದಿನ ತಿಂಗಳುಗಳು ಇನ್ನೂ ಘೋರ. ಬ್ರಿಗೇಡಿಯರ್ ಜನರಲ್ ಜೇಕಬ್ ಸ್ಮಿತ್ ಸಮಾರ್ ದ್ವೀಪವನ್ನೇ ಬರಡು ಮಾಡಲು ಹೇಳಿದ. ಆಯುಧ ಹಿಡಿಯಬಲ್ಲ ಯಾರನ್ನೂ ಬಿಡಬೇಡಿ ಅಂದ. ಕೈಕೆಳಗಿನ ಮೇಜರ್ ಲಿಟಲ್‌ಟನ್ ವಾಲರ್ "ಎಷ್ಟು ವಯಸ್ಸಿನಿಂದ?" ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ 10 ವರ್ಷ. 1902ರಲ್ಲಿ ಸ್ಮಿತ್‌ನ ಮೇಲೆ ಕೋರ್ಟ್ ಮಾರ್ಷಲ್ ನಡೆಯಿತು. ಶಿಕ್ಷೆ ಏನು ಗೊತ್ತಾ? ಒಂದು ಛೀಮಾರಿ, ಆಮೇಲೆ ಕಡ್ಡಾಯ ನಿವೃತ್ತಿ. ಅಷ್ಟೇ.

ಸೈನಿಕರು ಹೋಗುವಾಗ ಚರ್ಚಿನ ಮೂರು ಗಂಟೆಗಳನ್ನೂ ಕೊಂಡೊಯ್ದರು. ಎರಡು ಅಮೆರಿಕದ ವಯೋಮಿಂಗ್ ರಾಜ್ಯದ ಸೇನಾ ನೆಲೆ ಸೇರಿದವು. ಮೂರನೆಯದು 9ನೇ ರೆಜಿಮೆಂಟಿನ ಜೊತೆಗೇ ಊರೂರು ಅಲೆದು ಕೊನೆಗೆ ದಕ್ಷಿಣ ಕೊರಿಯಾದ ಒಂದು ಸೇನಾ ಶಿಬಿರದಲ್ಲಿ ಕೂತಿತು. ವಾಪಸ್ ಕೊಡಿ ಅಂತ ದಶಕಗಳ ಕಾಲ ಚರ್ಚು, ಸರ್ಕಾರ, ಕೆಲವು ಅಮೆರಿಕನ್ನರೇ ಕೇಳುತ್ತ ಬಂದರು. ವಯೋಮಿಂಗ್‌ನ ಮಾಜಿ ಸೈನಿಕರ ಸಂಘಗಳಲ್ಲಿ ಹಲವರು ಬೇಡ ಅಂದರು. ಅವರಿಗೆ ಅದು ಸತ್ತ ಗೆಳೆಯರ ನೆನಪು. 2017ರ ಜುಲೈನಲ್ಲಿ ಅಧ್ಯಕ್ಷ ರೊದ್ರಿಗೊ ದುತೆರ್ತೆ ಸಂಸತ್ತಿನ ಭಾಷಣದಲ್ಲಿ, ಅಮೆರಿಕದ ರಾಯಭಾರಿಯ ಎದುರಿಗೇ, ಗಂಟೆ ನಮ್ಮದು, ಕೊಟ್ಟುಬಿಡಿ ಅಂದ. 2018ರ ಡಿಸೆಂಬರ್ 11ರಂದು ಸರಕು ವಿಮಾನದಲ್ಲಿ ಮೂರೂ ಮನಿಲಾಕ್ಕೆ ಬಂದಿಳಿದವು. 15ರಂದು ಬಲಂಗಿಗಾದ ಪ್ಲಾಜಾದಲ್ಲಿ ಊರಿಗೆ ಹಸ್ತಾಂತರವಾದವು. ಅಲ್ಲಿ ಕ್ರಿಸ್ಮಸ್‌ಗೆ ಮುಂಚೆ ಒಂಬತ್ತು ದಿನ ನಸುಕಿನಲ್ಲೇ ಎದ್ದು ಪೂಜೆಗೆ ಹೋಗುವ 'ಸಿಂಬಾಂಗ್ ಗಾಬಿ' ಎಂಬ ರೂಢಿ ಇದೆ. ಅದು ಶುರುವಾಗುವುದು ಡಿಸೆಂಬರ್ 16ಕ್ಕೆ. ಸರಿಯಾದ ಸಮಯಕ್ಕೇ ಗಂಟೆ ಮನೆ ಸೇರಿತು ನೋಡಿ, 117 ವರ್ಷದ ನಂತರ.

ಬಂದ ವಾರವೇ ಒಂದು ತಕರಾರೂ ಎದ್ದಿತು. ಮೂರರಲ್ಲಿ ಒಂದನ್ನು ಮನಿಲಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಇಡೋಣ ಅಂತ ಸೆನೆಟ್‌ನಲ್ಲಿ ಮಾತು ಬಂತು. ಬಲಂಗಿಗಾದವರು, ಬೊರೊಂಗಾನ್ ಧರ್ಮಪ್ರಾಂತ್ಯದ ಚರ್ಚಿನವರು ಸುತಾರಾಂ ಒಪ್ಪಲಿಲ್ಲ. ಇದು ಪ್ರದರ್ಶನದ ವಸ್ತುವಲ್ಲ, ಪೂಜೆಗೆ ಬಾರಿಸುವ ಗಂಟೆ ಅಂದರು. ಮೂರೂ ಊರಲ್ಲೇ ಉಳಿದವು. ನನಗೂ ಅದೇ ಸರಿ ಅನ್ನಿಸುತ್ತದೆ. ಸೆಪ್ಟೆಂಬರ್ 28 ಈಸ್ಟರ್ನ್ ಸಮಾರ್‌ನಲ್ಲಿ ಕಾನೂನು ಪ್ರಕಾರ ರಜಾ ದಿನ. ಪ್ರತಿವರ್ಷ ಊರಿನವರೇ ಆ ಬೆಳಗನ್ನು ಅಭಿನಯಿಸಿ ತೋರಿಸುತ್ತಾರೆ. ನಿಮ್ಮ ಸಹೋದ್ಯೋಗಿಯ ಸ್ಟೇಟಸ್ ಅದಕ್ಕೇ.

ಇವತ್ತಿನ ಆಡಳಿತಕ್ಕೆ ಬಂದರೆ, ಈಗಿರುವ ಚೌಕಟ್ಟು 1991ರ ಸ್ಥಳೀಯ ಸರ್ಕಾರ ಸಂಹಿತೆಯದು. ಮಾರ್ಕೋಸ್ ದೇಶ ಬಿಟ್ಟು ಓಡಿಹೋದ ಮೇಲೆ, ಎಲ್ಲ ಅಧಿಕಾರ ಮನಿಲಾದಲ್ಲೇ ಇದ್ದರೆ ಏನಾಗುತ್ತದೆ ಅಂತ ಕಂಡಿದ್ದವರು ಬರೆದದ್ದು. ಮೇಯರ್, ಉಪಮೇಯರ್ ಇಬ್ಬರನ್ನೂ ಜನ ಬೇರೆ ಬೇರೆಯಾಗಿ, ನೇರವಾಗಿ ಆರಿಸುತ್ತಾರೆ. ಇಬ್ಬರೂ ಎದುರಾಳಿ ಪಕ್ಷದವರಾಗಿರಬಹುದು. ಆಗ ಮಜಾ ಬೇರೆ, ಯಾಕಂದರೆ ಸಂಗುನಿಯಾಂಗ್ ಬಾಯಾನ್ ಎಂಬ ಊರ ಸಭೆಯನ್ನು ನಡೆಸುವವರು ಉಪಮೇಯರ್. ಸಭೆಗೆ 8 ಜನ ಚುನಾಯಿತರು. ಜೊತೆಗೆ ಬರಂಗಾಯ್ ಕ್ಯಾಪ್ಟನ್‌ಗಳ ಒಕ್ಕೂಟದ ಅಧ್ಯಕ್ಷರು, ಯುವಕರ ಒಕ್ಕೂಟದ ಅಧ್ಯಕ್ಷರು ಹುದ್ದೆಯ ಬಲದಿಂದ ಬಂದು ಕೂರುತ್ತಾರೆ. ಅವಧಿ 3 ವರ್ಷ. ಸತತ ಮೂರು ಅವಧಿ ಆದರೆ ಒಂದು ಸಲ ಬಿಡಲೇಬೇಕು. ಬಿಡುತ್ತಾರೆ ಕೂಡ, ಹೆಂಡತಿಗೋ ತಮ್ಮನಿಗೋ. ಮನೆತನದ ರಾಜಕೀಯ ಕೂಡದು ಅಂತ 1987ರ ಸಂವಿಧಾನದಲ್ಲಿದೆ. ಆದರೆ ಅದನ್ನು ಮೇಯರ್ ಹುದ್ದೆಯಂಥ ಕಡೆ ಜಾರಿ ಮಾಡುವ ಕಾನೂನನ್ನು ಸಂಸತ್ತು ಮಾಡಲೇ ಇಲ್ಲ. ಮಾಡಬೇಕಾದವರೂ ಅದೇ ಮನೆತನಗಳವರು ತಾನೇ.

ದುಡ್ಡು ಎಲ್ಲಿಂದ? ರಾಷ್ಟ್ರೀಯ ತೆರಿಗೆಯ ಶೇ 40 ಸ್ಥಳೀಯ ಸರ್ಕಾರಗಳಿಗೆ ಹೋಗಬೇಕು. ಅದರಲ್ಲಿ ಶೇ 34 ಮುನಿಸಿಪಾಲಿಟಿಗಳ ಪಾಲು, ಶೇ 20 ಬರಂಗಾಯ್‌ಗಳ ಪಾಲು. ಮುನಿಸಿಪಾಲಿಟಿಗಳ ನಡುವೆ ಹಂಚುವಾಗ ಅರ್ಧ ಜನಸಂಖ್ಯೆ ನೋಡಿ, ಕಾಲು ಭಾಗ ನೆಲದ ವಿಸ್ತೀರ್ಣ ನೋಡಿ, ಉಳಿದ ಕಾಲು ಎಲ್ಲರಿಗೂ ಸಮ. ಬಲಂಗಿಗಾದಂಥ ತೆಂಗು ಮತ್ತು ಮೀನಿನ ಊರುಗಳು ಬದುಕುವುದೇ ಇದರಲ್ಲಿ. ಸ್ವಂತ ಆದಾಯ ಅಂದರೆ ಅಂಗಡಿ ಪರವಾನಗಿ, ಆಸ್ತಿ ತೆರಿಗೆ, ಸಂತೆ ಬಾಡಿಗೆ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ (ಅಲ್ಲಿ ಅದರ ಹೆಸರು ಯೋಲಾಂಡಾ) ಮೊದಲು ನೆಲ ಮುಟ್ಟಿದ್ದು ಇದೇ ಪ್ರಾಂತ್ಯದ ಗಿವಾನ್‌ನಲ್ಲಿ. ಬಲಂಗಿಗಾಕ್ಕೂ ಬಲವಾದ ಪೆಟ್ಟು ಬಿತ್ತು. ಮನೆಯನ್ನು ವರ್ಷದೊಳಗೆ ಕಟ್ಟಬಹುದು. ಬಿದ್ದ ತೆಂಗಿನ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಆರೇಳು ವರ್ಷ ಕಾಯಬೇಕು. ತೋಟದ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ಅಣ್ಣನ ಕೆಲಸ. ಕ್ಯಾಪ್ಟನ್ ಜೊತೆ 7 ಜನ ಕಗವಾದ್‌ಗಳು, ಅಂದರೆ ಸದಸ್ಯರು. ಒಬ್ಬ ಯುವ ಅಧ್ಯಕ್ಷ, 18ರಿಂದ 24ರೊಳಗಿನವನು. ಕೆಲಸಕ್ಕೆ ಸೇರಲು, ಅಂಗಡಿ ತೆರೆಯಲು ಬರಂಗಾಯ್ ಕ್ಲಿಯರೆನ್ಸ್ ಬೇಕು, ಅದಕ್ಕೆ ಸಹಿ ಅವರದು. ಆದರೆ ನಿಜವಾದ ತಲೆನೋವು ಲುಪೋನ್. ಅದು ರಾಜಿ ಪಂಚಾಯ್ತಿ. ಪಕ್ಕದ ಮನೆಯ ಹಂದಿ ನನ್ನ ಗೆಣಸು ತಿಂದಿತು ಅನ್ನಿ, ಕೊಟ್ಟ ಸಾಲ ವಾಪಸ್ ಬರಲಿಲ್ಲ ಅನ್ನಿ, ಒಂದೇ ಊರಿನವರಾದರೆ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಕ್ಯಾಪ್ಟನ್ ಬಳಿ ಬರಬೇಕು. ವಕೀಲರಿಗೆ ಪ್ರವೇಶವಿಲ್ಲ. ಕ್ಯಾಪ್ಟನ್ 15 ದಿನ ಪ್ರಯತ್ನ ಮಾಡುತ್ತಾರೆ. ಆಗದಿದ್ದರೆ ಮೂವರ ಪಂಗ್ಕಾತ್ ಕೂರುತ್ತದೆ. ಆಗಲೂ ರಾಜಿಯಾಗದಿದ್ದರೆ ಮಾತ್ರ ಕೋರ್ಟಿಗೆ ಹೋಗಬಹುದು ಅಂತ ಒಂದು ಚೀಟಿ. ರಾಜಿಯಾಗಿ 10 ದಿನದಲ್ಲಿ ಯಾರೂ ತಗಾದೆ ತೆಗೆಯದಿದ್ದರೆ ಅದು ಕೋರ್ಟ್ ತೀರ್ಪಿಗೆ ಸಮ. ಇಷ್ಟೆಲ್ಲ ಮಾಡುವವರು ಅದೇ ಕೇರಿಯಲ್ಲಿ ಬದುಕಬೇಕಾದವರು. ಹಂದಿ ಯಾರದ್ದೋ ಅವರ ಓಟೂ ಬೇಕಲ್ಲ!

ಪೊಲೀಸರು ಮಾತ್ರ ಈಗ ಊರಿನವರಲ್ಲ. ಅಬನಾದೊರ್ ಕಾಲದ ಊರ ಪೊಲೀಸ್ ಪದ್ಧತಿಯನ್ನು 1975ರಲ್ಲಿ ಮಾರ್ಕೋಸ್ ತೆಗೆದ. ಈಗಿರುವುದು ರಾಷ್ಟ್ರೀಯ ಪೊಲೀಸ್. ಮೇಲಿನವರು ಕಳಿಸಿದ ಐದು ಹೆಸರುಗಳ ಪಟ್ಟಿಯಿಂದ ಒಬ್ಬರನ್ನು ಠಾಣೆಯ ಮುಖ್ಯಸ್ಥರಾಗಿ ಆರಿಸಿಕೊಳ್ಳುವ ಹಕ್ಕು ಮೇಯರ್‌ಗಿದೆ, ಅಷ್ಟು ಉಳಿದಿದೆ. ಬರಂಗಾಯ್ ಮಟ್ಟದಲ್ಲಿ ತಾನೊದ್‌ಗಳು ಅಂತ ಕಾವಲಿನವರು ಇದ್ದಾರೆ, ರಾತ್ರಿ ಟಾರ್ಚು ಹಿಡಿದು ಸುತ್ತುತ್ತಾರೆ.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ನಿಮ್ಮ ಸಹೋದ್ಯೋಗಿ ದುಬೈನಿಂದಲೇ ಅಧ್ಯಕ್ಷರಿಗೆ, ಸೆನೆಟರ್‌ಗಳಿಗೆ ಓಟು ಹಾಕಬಹುದು. ಮೇಯರ್‌ಗೆ ಹಾಕುವಂತಿಲ್ಲ, ಅಣ್ಣನಿಗೂ ಹಾಕುವಂತಿಲ್ಲ. ವಿದೇಶದ ಓಟು ರಾಷ್ಟ್ರೀಯ ಹುದ್ದೆಗಳಿಗೆ ಮಾತ್ರ. ಅಣ್ಣನಿಗೆ ಓಟು ಕೊಡಲೇಬೇಕೆಂದರೆ ಊರಿನ ಮತದಾರರ ಪಟ್ಟಿಯಲ್ಲೇ ಹೆಸರಿಟ್ಟುಕೊಂಡು, ರಜೆ ಹಾಕಿ, ಮನಿಲಾದಿಂದ ಪಕ್ಕದ ಲೇಯ್ಟೆ ದ್ವೀಪದ ಟಕ್ಲೋಬಾನ್‌ಗೆ ವಿಮಾನ ಹಿಡಿದು, ಎರಡು ಕಿ.ಮೀ. ಉದ್ದದ ಸ್ಯಾನ್ ಹುವಾನಿಕೊ ಸೇತುವೆ ದಾಟಿ, ದಡದ ರಸ್ತೆಯಲ್ಲಿ ಬಾಸೆ, ಮರಾಬುತ್, ಲವಾನ್ ಹಾಯ್ದು ವ್ಯಾನಿನಲ್ಲಿ ಕುಲುಕುತ್ತ ಹೋಗಬೇಕು. ಮುಂದಿನ ಬರಂಗಾಯ್ ಚುನಾವಣೆ ಹತ್ತಿರ ಬಂದಾಗ ನಿಮ್ಮ ಸಹೋದ್ಯೋಗಿ ರಜೆ ಅರ್ಜಿ ಕೊಟ್ಟರೆ ಯಾಕೆ ಅಂತ ಈಗ ನಿಮಗೆ ಗೊತ್ತು.